ಕಣ್ಣು ಮಿಟುಕಿಸದ ಗಾರ್ನ್

ಕಳೆದ ಆಷಾಢದಲ್ಲಿ ಮಳೆ ಬಿಡದೆ ಸುರಿದ ಮೂರು ದಿನ ಮಡಿಕೇರಿಯ ನಮ್ಮ ಮನೆಯಲ್ಲಿ ಒಂದು ವಾದ ನಡೆಯಿತು. ಗಾರ್ನ್ ಎಂಬ ಜೀವಿ ಕಣ್ಣು ಮಿಟುಕಿಸಬೇಕೇ, ಮಿಟುಕಿಸಬಾರದೇ ಎಂಬುದು ಅದರ ವಿಷಯ. ಗಾರ್ನ್ ಎಂದರೆ ಅಂತರಿಕ್ಷ ಹಡಗೊಂದರ ಕತೆಯಾದ 'ಸ್ಟಾರ್ ಟ್ರೆಕ್' ಟೀವಿ ಸರಣಿಯ ಮೊದಲ ವರ್ಷದ 'ಅರೀನಾ' ಎಂಬ ಕಂತಿನಲ್ಲಿ ಬರುವ, ಓತಿಕ್ಯಾತದ ಮುಖದ, ಹಸಿರು ರಬ್ಬರಿನ ಮೈಯ ಎದುರಾಳಿ. 1967ರ ಜನವರಿಯಲ್ಲಿ ಅಮೆರಿಕದ ಎನ್‌ಬಿಸಿ ವಾಹಿನಿಯಲ್ಲಿ ಆ ಕಂತು ಮೊದಲು ಪ್ರಸಾರವಾದಾಗ ಅವನ ಕಣ್ಣುಗಳು ಬೆಳ್ಳಿಯ ಬಣ್ಣದ, ಜೇನುಹಲ್ಲೆಯಂತೆ ಹಲವು ಮುಖಗಳಾಗಿ ಕತ್ತರಿಸಿದ ಎರಡು ಗುಂಡುಗಳಾಗಿದ್ದವು. ಅವಕ್ಕೆ ರೆಪ್ಪೆ ಇರಲಿಲ್ಲ. 2006ರಲ್ಲಿ ಹಳೆಯ ಕಂತುಗಳನ್ನೆಲ್ಲ ಶುಚಿಗೊಳಿಸಿ, ಕಂಪ್ಯೂಟರಿನ ನೆರವಿನಿಂದ ಹೊಸ ದೃಶ್ಯಗಳನ್ನು ಸೇರಿಸಿ ಮರುಪ್ರಸಾರ ಮಾಡುವ ಕೆಲಸ ಆರಂಭವಾದಾಗ ಗಾರ್ನ್‌ಗೂ ರೆಪ್ಪೆ ಬಂದಿತು. ಈಗ ಅವನು ಕಣ್ಣು ಮಿಟುಕಿಸುತ್ತಾನೆ.

ಬೆಂಗಳೂರಿನಲ್ಲಿ ಅನಿಮೇಷನ್ ಕಲಿಯುತ್ತಿರುವ ನನ್ನ ಅಕ್ಕನ ಮಗಳಿಗೆ ಹೊಸ ರೆಪ್ಪೆ ಒಪ್ಪಿಗೆಯಾಗಿತ್ತು. "ಅಷ್ಟಾದರೂ ಜೀವ ಬಂತಲ್ಲ ಮಾವ, ಇಲ್ಲದಿದ್ದರೆ ರಬ್ಬರ್ ಗೊಂಬೆ ಅಷ್ಟೇ" ಎಂದಳು. ಎಂಬತ್ತು ದಾಟಿದ ದೊಡ್ಡಪ್ಪನವರು ಒಪ್ಪಲಿಲ್ಲ. ಅವರ ಮಾತಿನಲ್ಲಿ ಹೇಳುವುದಾದರೆ, ಕಣ್ಣು ಮಿಟುಕಿಸದ ಎದುರಾಳಿಯ ಮನಸ್ಸಿನಲ್ಲಿ ಏನಿದೆ ಎಂದು ತಿಳಿಯುವುದಿಲ್ಲ, ತಿಳಿಯದೆ ಇದ್ದದ್ದರಿಂದಲೇ ಭಯ. ವಿರಾಜಪೇಟೆಯಿಂದ ಬಂದು ಮಳೆಗೆ ಸಿಕ್ಕಿ ನಮ್ಮಲ್ಲೇ ಉಳಿದಿದ್ದ ಗೆಳೆಯರೊಬ್ಬರು, ಹೆಗ್ಗೋಡಿನ ನೀನಾಸಂನಲ್ಲಿ ರಂಗಭೂಮಿ ಕಲಿತವರು, ಇಬ್ಬರ ಮಾತನ್ನೂ ಪಕ್ಕಕ್ಕೆ ಸರಿಸಿ, ಸಮಸ್ಯೆ ಗಾರ್ನ್‌ನ ಕಣ್ಣಿನದಲ್ಲ, ಅವನ ಎದುರು ನಿಂತ, ಹಡಗಿನ ನಾಯಕ ಕ್ಯಾಪ್ಟನ್ ಕರ್ಕ್‌ನದು ಎಂದರು. ಕರ್ಕ್ ಪಾತ್ರದ ವಿಲಿಯಂ ಶಾಟ್ನರ್ ಅತಿಯಾಗಿ ನಟಿಸುತ್ತಾರೆ, ಆದ್ದರಿಂದ ಸರಣಿಯೇ 'ಕ್ಯಾಂಪ್' ಆಗಿಬಿಡುತ್ತದೆ, ಅಭಿಮಾನಿಗಳು ಅದನ್ನು ಪ್ರೀತಿಸುವುದು ನಗಲು ಸಿಗುತ್ತದೆ ಎಂಬ ಕಾರಣಕ್ಕೆ ಎಂಬುದು ಅವರ ವಾದ. ಸ್ಟಾರ್ ಟ್ರೆಕ್‌ನ ಅಭಿಮಾನಿಗಳ ನಡುವೆ ಐದಾರು ದಶಕಗಳಿಂದ ನಡೆದು ಬಂದಿರುವ ಜಗಳ ಇದೇ. ಮೂರು ದಿನ ನಾನು ಹೇಳಲು ಯತ್ನಿಸಿ ಪೂರ್ತಿ ಹೇಳಲಾಗದೆ ಉಳಿದದ್ದನ್ನು ಇಲ್ಲಿ ಬರೆಯುತ್ತಿದ್ದೇನೆ.

ಮೊದಲು ಪದದ ಮಾತು. ಕೊಡಗಿನಲ್ಲಿ ಕ್ಯಾಂಪ್ ಎಂದರೆ ದುಬಾರೆಯ ಆನೆಗಳೇ ಕಣ್ಮುಂದೆ ಬರುತ್ತವೆ. ಗೆಳೆಯರು ಬಳಸಿದ ಅರ್ಥದ ಕ್ಯಾಂಪ್ ಬೇರೆ. 1964ರಲ್ಲಿ ಅಮೆರಿಕದ ಲೇಖಕಿ ಸೂಸನ್ ಸೊಂಟಾಗ್ ಈ ಒಂದು ಪದದ ಮೇಲೆಯೇ 58 ಟಿಪ್ಪಣಿಗಳ ಪ್ರಬಂಧ ಬರೆದು, ಕೃತಕವಾದುದನ್ನು, ಉತ್ಪ್ರೇಕ್ಷೆಯನ್ನು ಅದು ಹಾಗಿರುವುದಕ್ಕಾಗಿಯೇ ಪ್ರೀತಿಸುವ ಅಭಿರುಚಿ ಇದು ಎಂದು ವಿವರಿಸಿದರು. ಅದರಲ್ಲಿ ಅವರು ಎರಡು ಬಗೆಗಳನ್ನು ಬೇರ್ಪಡಿಸುತ್ತಾರೆ. ತಾನು ಕ್ಯಾಂಪ್ ಎಂದು ಗೊತ್ತಿದ್ದೇ ಆಡುವುದು ಒಂದು. ಪೂರ್ಣ ಗಾಂಭೀರ್ಯದಿಂದ ಹೊರಟು, ಆ ಗಾಂಭೀರ್ಯ ನೋಡುವವರಿಗೆ ನಿಲ್ಲದೆ ಹೋಗುವುದು ಇನ್ನೊಂದು. ಕನ್ನಡದಲ್ಲಿ ಇದಕ್ಕೆ ಒಂದೇ ಪದ ನನಗೆ ಸಿಕ್ಕಿಲ್ಲ. 'ಅತಿನಾಟಕೀಯ' ಎಂದರೆ ಬರೀ ದೂಷಣೆಯಾಗುತ್ತದೆ, ಪ್ರೀತಿ ಉಳಿಯುವುದಿಲ್ಲ. 'ವೇಷ' ಎಂಬ ಪದ ಇನ್ನಷ್ಟು ಹತ್ತಿರ. "ಏನು ನಿನ್ನ ವೇಷ" ಎಂದು ಗದರುವುದಕ್ಕೂ ಅದೇ ಪದ, ವೇಷ ಕಟ್ಟಿ ರಂಗಕ್ಕೆ ಇಳಿದವನನ್ನು ಗೌರವಿಸುವುದಕ್ಕೂ ಅದೇ ಪದ.

ದೊಡ್ಡಪ್ಪನವರು ಈ ಸರಣಿಯನ್ನು ಮೊದಲು ನೋಡಿದ್ದು ಎಂಬತ್ತರ ದಶಕದಲ್ಲಿ, ಮೈಸೂರಿನಲ್ಲಿ ನೌಕರಿಯಲ್ಲಿದ್ದಾಗ, ದೂರದರ್ಶನದ ಭಾನುವಾರ ಬೆಳಗಿನ ಪ್ರಸಾರದಲ್ಲಿ. ಅವರ ಬಾಡಿಗೆ ಮನೆಯಲ್ಲಿದ್ದದ್ದು ಮರದ ಬಾಗಿಲಿನ ಕಪ್ಪುಬಿಳುಪು ಟೀವಿ. ಈ ಒಂದು ವಿವರವನ್ನು ಅವರು ಹೇಳಿದಾಗ ನನಗೆ ಬಹಳ ಸಂಗತಿಗಳು ಒಟ್ಟಿಗೆ ಅರ್ಥವಾದವು. ಸ್ಟಾರ್ ಟ್ರೆಕ್ ಇಂದು ಕ್ಯಾಂಪ್ ಆಗಿ ಕಾಣುವುದಕ್ಕೆ ಅರ್ಧ ಕಾರಣ ಅದರ ಬಣ್ಣ. ಆ ಕಾಲದಲ್ಲಿ ಎನ್‌ಬಿಸಿಯ ಮಾಲೀಕತ್ವ ಆರ್‌ಸಿಎ ಕಂಪನಿಯದು, ಆ ಕಂಪನಿ ಬಣ್ಣದ ಟೀವಿಗಳನ್ನು ತಯಾರಿಸಿ ಮಾರುತ್ತಿತ್ತು, ಬಣ್ಣದ ಟೀವಿ ಕೊಂಡವರಿಗೆ ಬಣ್ಣ ಕಾಣಬೇಕಿತ್ತು. ಆದ್ದರಿಂದ ಸಮವಸ್ತ್ರಗಳು ಕೆಂಪು, ನೀಲಿ, ಹೊಂಬಣ್ಣ. ಬೂದು ಗೋಡೆಗಳ ಮೇಲೆ ನೇರಳೆ, ಹಸಿರು ದೀಪಗಳು. ಒಂದೊಂದು ಗ್ರಹಕ್ಕೆ ಒಂದೊಂದು ಬಣ್ಣದ ಆಕಾಶ. ದೊಡ್ಡಪ್ಪನವರಿಗೆ ಅದೊಂದೂ ಕಾಣಲಿಲ್ಲ. ಅವರು ಕಂಡದ್ದು ಬೂದುಬಣ್ಣದ ಕೋಣೆಗಳಲ್ಲಿ ನೆರಳು ಬಿದ್ದ ಮುಖಗಳನ್ನು, ಮುಖಗಳ ಮೇಲೆ ಕಣ್ಣಿನ ಮಟ್ಟದಲ್ಲಿ ಅಡ್ಡಲಾಗಿ ಬಿದ್ದ ಒಂದು ಬೆಳಕಿನ ಪಟ್ಟಿಯನ್ನು. ಅವರ ನೆನಪಿನಲ್ಲಿ ಇದೊಂದು ಗಂಭೀರವಾದ, ಸ್ವಲ್ಪ ದುಃಖದ ನಾಟಕ. ಅಕ್ಕನ ಮಗಳು ಲ್ಯಾಪ್‌ಟಾಪಿನ ಹೊಳೆಯುವ ಪರದೆಯಲ್ಲಿ ನೋಡಿದ್ದು ಮಿಠಾಯಿ ಅಂಗಡಿಯನ್ನು. ಇಬ್ಬರೂ ಒಂದೇ ನಟನೆಯನ್ನು ನೋಡಿದರು ಎಂದು ಹೇಳುವುದು ನನಗೆ ಕಷ್ಟ.

ಆದರೂ ಶಾಟ್ನರ್ ನಟನೆ ದೊಡ್ಡದು ಎಂಬುದನ್ನು ಬಣ್ಣದ ಮೇಲೆ ಹೊರಿಸಿ ತಪ್ಪಿಸಿಕೊಳ್ಳುವಂತಿಲ್ಲ. ಅವರು ಮಾತನ್ನು ನಡುನಡುವೆ ಕಡಿಯುತ್ತಾರೆ, ಒಂದು ಪದದ ಮೇಲೆ ನಿಂತು ಮುಂದಿನ ಮೂರು ಪದಗಳನ್ನು ಒಮ್ಮೆಲೇ ಎಸೆಯುತ್ತಾರೆ, ಯೋಚನೆ ಬಂದರೆ ಅದು ಭುಜಕ್ಕೂ ಬರುತ್ತದೆ. ಇದರ ಮೂಲ ರಂಗಭೂಮಿಯಲ್ಲಿದೆ. ಮಾಂಟ್ರಿಯಲ್‌ನಲ್ಲಿ 1931ರಲ್ಲಿ ಹುಟ್ಟಿದ ಈ ನಟ ಕೆನಡಾದ ಸ್ಟ್ರಾಟ್‌ಫರ್ಡ್ ಶೇಕ್ಸ್‌ಪಿಯರ್ ಉತ್ಸವದ ತಂಡದಲ್ಲಿ ಬೆಳೆದವರು. 1956ರಲ್ಲಿ ಅಲ್ಲಿ ಐದನೆಯ ಹೆನ್ರಿಯ ಪಾತ್ರವನ್ನು ಕ್ರಿಸ್ಟೋಫರ್ ಪ್ಲಮರ್ ಮಾಡುತ್ತಿದ್ದರು. ಅವರಿಗೆ ಬದಲಿಯಾಗಿ ಮಾತು ಕಲಿತಿಟ್ಟುಕೊಂಡಿದ್ದವರು ಶಾಟ್ನರ್. ಪ್ಲಮರ್ ಕಾಯಿಲೆ ಬಿದ್ದ ದಿನ, ಸರಿಯಾದ ತಾಲೀಮು ಕೂಡ ಇಲ್ಲದೆ, ಅವರು ರಾಜನಾಗಿ ರಂಗಕ್ಕೆ ಹೋದರು. ಆ ಉತ್ಸವಕ್ಕೆ ಕಟ್ಟಿದ ರಂಗಮಂದಿರ ದೊರೆತದ್ದು 1957ರಲ್ಲಿ. ಅಲ್ಲಿಯವರೆಗೆ ಆಟ ನಡೆಯುತ್ತಿದ್ದದ್ದು ಒಂದು ದೊಡ್ಡ ಡೇರೆಯಲ್ಲಿ, ಮೂರು ಕಡೆ ಕುಳಿತ ಪ್ರೇಕ್ಷಕರ ನಡುವೆ. ಡೇರೆ ಎಂದ ಮೇಲೆ ನಮ್ಮವರಿಗೆ ಹೆಚ್ಚು ವಿವರಿಸಬೇಕಿಲ್ಲ. ಕಂಪನಿ ನಾಟಕದ ನಟ ಮೈಕಿನ ಹಂಗಿಲ್ಲದೆ ಕಟ್ಟಕಡೆಯ ಚಾಪೆಯ ಮೇಲೆ ಕುಳಿತವನಿಗೂ ಮಾತು ಮುಟ್ಟಿಸುತ್ತಿದ್ದ, ಮಾತು ಮುಟ್ಟದ ಕಡೆ ಮೈಯನ್ನು ಮುಟ್ಟಿಸುತ್ತಿದ್ದ. ನಾಟ್ಯಶಾಸ್ತ್ರ ಇದಕ್ಕೆ ನಾಟ್ಯಧರ್ಮಿ ಎಂದು ಹೆಸರಿಟ್ಟು, ಲೋಕದಲ್ಲಿ ಇರುವಂತೆಯೇ ನಟಿಸುವ ಲೋಕಧರ್ಮಿಯಿಂದ ಬೇರೆಯಾಗಿ, ಅದಕ್ಕಿಂತ ಕೀಳಲ್ಲದ ಸ್ಥಾನ ಕೊಟ್ಟಿದೆ. ನಾಟ್ಯಧರ್ಮಿಯನ್ನು ಲೋಕಧರ್ಮಿಯ ಅಳತೆಗೋಲಿನಿಂದ ಅಳೆದು ಅತಿಯಾಯಿತು ಎನ್ನುವುದು ನನ್ನ ಗೆಳೆಯರ ತರಬೇತಿಗೆ ತಕ್ಕ ಮಾತಲ್ಲ ಎಂದು ಅವರ ಎದುರೇ ಹೇಳಿದೆ.

ಅವರು ಬಿಡಲಿಲ್ಲ. ಹಾಗಾದರೆ 'ದಿ ಎನಿಮಿ ವಿದಿನ್' ಹಾಕು, ನೋಡಿ ಮಾತನಾಡೋಣ ಎಂದರು. 1966ರ ಅಕ್ಟೋಬರಿನಲ್ಲಿ ಪ್ರಸಾರವಾದ, ರಿಚರ್ಡ್ ಮ್ಯಾಥೆಸನ್ ಬರೆದ ಈ ಕಂತಿನಲ್ಲಿ ಮನುಷ್ಯರನ್ನು ಒಂದೆಡೆಯಿಂದ ಇನ್ನೊಂದೆಡೆಗೆ ಸಾಗಿಸುವ ಯಂತ್ರ ಕೆಟ್ಟು ಕರ್ಕ್ ಇಬ್ಬರಾಗುತ್ತಾನೆ. ಒಬ್ಬನಲ್ಲಿ ಅವನ ಕರುಣೆ, ವಿವೇಕ. ಇನ್ನೊಬ್ಬನಲ್ಲಿ ಹಸಿವು, ಕಾಮ, ಕೋಪ. (ಆ ಯಂತ್ರ ಹುಟ್ಟಿದ್ದೇ ಪ್ರತಿ ವಾರ ಹಡಗನ್ನು ಗ್ರಹದ ಮೇಲೆ ಇಳಿಸಿ ತೋರಿಸುವಷ್ಟು ಹಣವಿಲ್ಲದ ಕಾರಣಕ್ಕೆ ಎಂಬುದು ಬಲ್ಲವರಿಗೆ ಗೊತ್ತು.) ಶಾಟ್ನರ್ ದೊಡ್ಡದಾಗಿ ನಟಿಸುತ್ತಾರೆ ಎಂಬುದಕ್ಕೆ ಎಲ್ಲರೂ ಕೊಡುವ ಸಾಕ್ಷಿ ಇಲ್ಲಿದೆ. ಬೆವರಿದ ಮುಖ, ಕೆಳಗಿನಿಂದ ಬೀಳುವ ಬೆಳಕು, ಕಣ್ಣಿಗೆ ಕಾಡಿಗೆ, ಕೆನ್ನೆಯ ಮೇಲೆ ಉಗುರಿನ ಗೀರು, ಮತ್ತು ನಾನೇ ಕ್ಯಾಪ್ಟನ್ ಕರ್ಕ್ ಎಂಬ ಕಿರುಚು. ನಾನು ಗೆಳೆಯರಿಗೆ ತೋರಿಸಿದ್ದು ಆ ಕಿರುಚನ್ನಲ್ಲ. ಕ್ರೂರನಾದ ಕರ್ಕ್ ಚಿಕಿತ್ಸಾಕೋಣೆಯಲ್ಲಿ ಮಲಗಿ ಸಾವಿಗೆ ಹೆದರುವ ದೃಶ್ಯವನ್ನು ತೋರಿಸಿದೆ. ಅಲ್ಲಿ ಅವನು ಮಗುವಿನಂತೆ ಮುದುಡುತ್ತಾನೆ. ಒಳ್ಳೆಯ ಕರ್ಕ್ ಅವನ ಕೈ ಹಿಡಿದು, ಹೆದರಬೇಡ, ಬುದ್ಧಿಯನ್ನು ಬಳಸು, ಯೋಚಿಸು ಎಂದು ಮತ್ತೆ ಮತ್ತೆ ಹೇಳುತ್ತಾನೆ. ಒಬ್ಬನೇ ನಟ ಎರಡು ಬಾರಿ ಚಿತ್ರೀಕರಿಸಿಕೊಂಡ ಈ ದೃಶ್ಯದಲ್ಲಿ ಹಿಡಿಯುವ ಕೈಗೂ ಹಿಡಿಸಿಕೊಳ್ಳುವ ಕೈಗೂ ವ್ಯತ್ಯಾಸವಿದೆ: ಒಂದರಲ್ಲಿ ಬಲವಿಲ್ಲ, ಸಮಾಧಾನವಿದೆ, ಇನ್ನೊಂದರಲ್ಲಿ ಸಮಾಧಾನವಿಲ್ಲ, ಬಲ ತುಂಬಿ ತುಳುಕುತ್ತಿದೆ. ಮೊದಲಿನ ಕಿರುಚು ಅಷ್ಟು ದೊಡ್ಡದಾಗಿ ಬರದೆ ಇದ್ದಿದ್ದರೆ ಈ ಮುದುಡುವಿಕೆ ಇಷ್ಟು ಚಿಕ್ಕದಾಗಿ ಕಾಣುತ್ತಿರಲಿಲ್ಲ. ಗೆಳೆಯರು ಸ್ವಲ್ಪ ಹೊತ್ತು ಸುಮ್ಮನಿದ್ದು, ಈ ದೃಶ್ಯವನ್ನು ಒಪ್ಪಿದೆ, ಶಾಟ್ನರನ್ನು ಒಪ್ಪಿಲ್ಲ ಎಂದರು.

ಲಿಯೊನಾರ್ಡ್ ನಿಮೊಯ್ ಬಗ್ಗೆ ನಮ್ಮಲ್ಲಿ ಯಾರಿಗೂ ಜಗಳವಿರಲಿಲ್ಲ. ಅವರು ಮಾಡಿದ ಸ್ಪಾಕ್ ಪಾತ್ರದ, ಅಂದರೆ ಕರ್ಕ್ ಜೊತೆಗಾರನಾದ ಪರಗ್ರಹ ಮೂಲದ ಅಧಿಕಾರಿಯ, ಸಂಯಮವನ್ನು ಎಲ್ಲರೂ ಮೆಚ್ಚುತ್ತಾರೆ, ಮೆಚ್ಚಿ ಅದನ್ನು ಶಾಟ್ನರ್ ವಿರುದ್ಧ ಎತ್ತಿ ಹಿಡಿಯುತ್ತಾರೆ. ನನ್ನ ತಕರಾರು ಇರುವುದು ಇಲ್ಲೇ. ಜೀನ್ ರಾಡೆನ್‌ಬೆರಿ ಈ ಸರಣಿಗಾಗಿ ಮೊದಲು ತಯಾರಿಸಿದ ಮಾದರಿ ಕಂತು 'ದಿ ಕೇಜ್'ನಲ್ಲಿ ಶಾಟ್ನರ್ ಇಲ್ಲ. ಹಡಗಿನ ನಾಯಕನಾಗಿ ಜೆಫ್ರಿ ಹಂಟರ್ ಇದ್ದಾರೆ. ಅವರದು ಎಲ್ಲವನ್ನೂ ಒಳಗೇ ಇಟ್ಟುಕೊಳ್ಳುವ ನಟನೆ. ಅವರ ಪಕ್ಕದಲ್ಲಿ ಅದೇ ನಿಮೊಯ್ ಅದೇ ಸ್ಪಾಕ್ ಆಗಿ ಗಟ್ಟಿಯಾಗಿ ಕೂಗುತ್ತಾರೆ, ಪರಗ್ರಹದ ಒಂದು ಹಾಡುವ ಗಿಡವನ್ನು ಮುಟ್ಟಿ ಅಗಲವಾಗಿ ನಗುತ್ತಾರೆ. ನಾಯಕ ಶಾಂತನಾಗಿದ್ದರೆ ಜೊತೆಗಾರ ಬಿಸಿಯಾಗಬೇಕಾಗುತ್ತದೆ. ಶಾಟ್ನರ್ ಬಂದು ಬಿಸಿಯನ್ನೆಲ್ಲ ತಾನೇ ಹೊತ್ತುಕೊಂಡ ಮೇಲೆ ತನಗೆ ತಣ್ಣಗಿರಲು ಜಾಗ ಸಿಕ್ಕಿತು ಎಂಬರ್ಥದ ಮಾತನ್ನು ನಿಮೊಯ್ ಅವರೇ ಆಡಿದ್ದಾರೆ. ಸ್ಪಾಕ್ ಹೆಗಲ ಮೇಲೆ ಬೆರಳಿಟ್ಟು ಎದುರಾಳಿಯನ್ನು ಮೂರ್ಛೆಗೊಳಿಸುವ ಪ್ರಸಿದ್ಧ ಚಿವುಟು ಹುಟ್ಟಿದ್ದೂ 'ದಿ ಎನಿಮಿ ವಿದಿನ್' ಚಿತ್ರೀಕರಣದಲ್ಲಿ. ಬರಹದಲ್ಲಿದ್ದಂತೆ ಆಯುಧದ ಹಿಡಿಯಿಂದ ಹೊಡೆಯುವುದು ಸ್ಪಾಕ್‌ಗೆ ಒಪ್ಪುವುದಿಲ್ಲ ಎಂದು ನಿಮೊಯ್ ಈ ಚಿವುಟನ್ನು ಸೂಚಿಸಿದರು. ಅದನ್ನು ನಂಬುವಂತೆ ಮಾಡಿದ್ದು ಚಿವುಟಿಸಿಕೊಂಡ ಶಾಟ್ನರ್ ಕುಸಿದು ಬಿದ್ದ ರೀತಿ. ಎರಡು ಬೆರಳು ಮುಟ್ಟಿದ್ದಕ್ಕೆ ಒಂದು ಆಳು ಬೀಳುವುದು ಲೋಕಧರ್ಮಿಯಲ್ಲಿ ಎಂದಿಗೂ ನಡೆಯದು. ಬಿದ್ದವನು ಪೂರ್ತಿ ಮೈಯಿಂದ ಬಿದ್ದದ್ದರಿಂದ ಬೆರಳುಗಳಿಗೆ ಶಕ್ತಿ ಬಂತು.

ನಮ್ಮೂರಿನ ಒಂದು ಸಂಗತಿಯನ್ನು ಇಲ್ಲಿ ಹೇಳದೆ ಮುಂದೆ ಹೋಗಲಾರೆ. ಮಡಿಕೇರಿ ದಸರೆಯಲ್ಲಿ ನಾಲ್ಕು ಕರಗಗಳ ಜೊತೆಗೆ ಹತ್ತು ದೇವಾಲಯಗಳ ಮಂಟಪಗಳು ವಿಜಯದಶಮಿಯ ರಾತ್ರಿ ಹೊರಟು ಬೆಳಗಿನ ಜಾವದವರೆಗೆ ಬೀದಿಗಳಲ್ಲಿ ಸಾಗುತ್ತವೆ. ಟ್ರ್ಯಾಕ್ಟರುಗಳ ಮೇಲೆ ಕಬ್ಬಿಣದ ಚೌಕಟ್ಟು, ಅದರ ಮೇಲೆ ಎರಡಾಳು ಮೂರಾಳೆತ್ತರದ ರಾಕ್ಷಸರು, ತಿರುಗುವ ಕತ್ತು, ಏಳುವ ತೋಳು, ಹಿಂದೆ ಜನರೇಟರು, ಮೊದಲೇ ಧ್ವನಿಮುದ್ರಿಸಿದ ಮಾತು ಮತ್ತು ಗುಡುಗು. ಹತ್ತೊಂಬತ್ತನೆಯ ವಯಸ್ಸಿನಲ್ಲಿ ನಾನು ಅಂಥ ಒಂದು ಮಂಟಪದ ಮೇಲೆ ದೇವತೆಗಳ ಕಡೆಯ ಸೈನಿಕನಾಗಿದ್ದೆ. ಮಾತಿರಲಿಲ್ಲ, ಅಸುರ ತಲೆ ಎತ್ತಿದಾಗ ಬೆದರಿ ಎರಡು ಹೆಜ್ಜೆ ಹಿಂದೆ ಸರಿದು ಮತ್ತೆ ಕತ್ತಿ ಎತ್ತಬೇಕಿತ್ತು, ಅಷ್ಟೇ ಕೆಲಸ. ತಾಲೀಮಿನ ಮೂರನೆಯ ದಿನ ನಾನು ಅಸುರನ ಕತ್ತಿನ ಕೆಳಗಿನ ಬೇರಿಂಗನ್ನೇ ನೋಡುತ್ತಿದ್ದೆ, ಯಾಕೆಂದರೆ ಅದು ಕಿರ್ರೆಂದು ಸದ್ದು ಮಾಡುತ್ತಿತ್ತು. ಆಟ ಕಲಿಸುತ್ತಿದ್ದ ಹಿರಿಯರು ನನ್ನನ್ನು ಪಕ್ಕಕ್ಕೆ ಕರೆದು, "ನೀನು ಬೇರಿಂಗ್ ನೋಡಿದರೆ ಕೆಳಗೆ ನಿಂತವರೂ ಬೇರಿಂಗೇ ನೋಡುತ್ತಾರೆ. ನೀನು ಅದರ ಕಣ್ಣು ನೋಡು" ಎಂದರು. ಅಸುರನ ಕಣ್ಣು ಎಂದರೆ ಕೆಂಪು ಬಲ್ಬು ಹಾಕಿದ ಎರಡು ಪ್ಲಾಸ್ಟಿಕ್ ಬಟ್ಟಲುಗಳು. ವಿಜಯದಶಮಿಯ ರಾತ್ರಿ ನಾನು ಆ ಬಟ್ಟಲುಗಳನ್ನು ನೋಡಿದೆ. ಕೆಳಗೆ ತಂದೆಯ ಹೆಗಲ ಮೇಲೆ ಕುಳಿತಿದ್ದ ಒಂದು ಮಗು ಅಸುರನನ್ನು ಬಿಟ್ಟು ನನ್ನ ಮುಖವನ್ನು ನೋಡಿ, ನಾನು ಹಿಂದೆ ಸರಿದ ಕ್ಷಣದಲ್ಲಿ ತಾನೂ ತಂದೆಯ ಕೂದಲನ್ನು ಹಿಡಿದುಕೊಂಡದ್ದು ಇಂದಿಗೂ ಕಣ್ಣಿಗೆ ಕಟ್ಟಿದಂತಿದೆ.

'ಅರೀನಾ' ನೋಡುವಾಗ ನನಗೆ ಶಾಟ್ನರ್ ಮಾಡುತ್ತಿರುವುದು ಇದನ್ನೇ ಎಂದು ಕಾಣುತ್ತದೆ. ಲಾಸ್ ಏಂಜಲೀಸ್‌ಗೆ ಹತ್ತಿರದ ವಾಸ್ಕೆಜ್ ರಾಕ್ಸ್ ಎಂಬ ಬೋಳು ಬಂಡೆಗಳ ನಡುವೆ, ಉಸಿರಾಡಲೂ ಕಷ್ಟವಾಗುವ ದಪ್ಪ ವೇಷದೊಳಗೆ ಒಬ್ಬ ಸಾಹಸ ಕಲಾವಿದ ನಿಧಾನವಾಗಿ ಹೆಜ್ಜೆಯಿಡುತ್ತಿದ್ದಾನೆ. ಆ ವೇಷಕ್ಕೆ ಮುಖಭಾವವಿಲ್ಲ, ಹೆಚ್ಚಾಗಿ ಕೇಳುವುದು ಬುಸುಗುಟ್ಟುವಿಕೆ. ಇಡೀ ಹೋರಾಟದ ಭಯ, ದಣಿವು, ಲೆಕ್ಕಾಚಾರ ಎಲ್ಲವನ್ನೂ ಒಬ್ಬನೇ ನಟ ಎರಡು ಪಾಲನ್ನೂ ಸೇರಿಸಿ ಹೊರಬೇಕು. ಕರ್ಕ್ ಕುಂಟುತ್ತ ಬಂಡೆ ಹತ್ತುತ್ತಾನೆ. ಗಂಧಕ, ಇದ್ದಿಲು, ಪೆಟ್ಲುಪ್ಪು ಹುಡುಕಿ, ಬಿದಿರಿನ ಗಂಟಿನೊಳಗೆ ತುಂಬಿ, ವಜ್ರದ ಹರಳುಗಳನ್ನೇ ಗುಂಡುಗಳಾಗಿಸಿ ತೋಪು ಕಟ್ಟುತ್ತಾನೆ. ಕೈಲ್ ಪೊಳ್ದ್ ಹಬ್ಬದಲ್ಲಿ ತೋಕಿಗೆ, ಅಂದರೆ ಕೋವಿಗೆ, ಹೂವಿಟ್ಟು ಪೂಜಿಸುವ ನಾಡಿನಲ್ಲಿ ಕುಳಿತು ಆ ಬಿದಿರಿನ ತೋಪನ್ನು ನೋಡಿದ ದೊಡ್ಡಪ್ಪನವರಿಗೆ ಬಿದಿರು ಸಿಡಿಯದೆ ತಾಳುತ್ತದೆಯೇ ಎಂಬ ಸಂದೇಹ ಮೊದಲ ದಿನದಿಂದ ಇಂದಿನವರೆಗೂ ಇದೆ, ಆದರೆ ಅದನ್ನು ತುಂಬುವಾಗ ಶಾಟ್ನರ್ ಕೈ ನಡುಗುವುದರ ಬಗ್ಗೆ ಅವರಿಗೆ ಸಂದೇಹವಿಲ್ಲ. ಕೊನೆಗೆ ಗಾರ್ನ್ ಬಿದ್ದಾಗ ಅವನದೇ ಕತ್ತಿಯನ್ನು ಅವನ ಕುತ್ತಿಗೆಗೆ ಹಿಡಿದ ಕರ್ಕ್, ಇವನು ತನ್ನ ನೆಲಕ್ಕೆ ನುಗ್ಗಿದವರನ್ನು ತಡೆದವನಿರಬಹುದು ಎಂದು ಹೊಳೆದು ಕೊಲ್ಲಲು ಒಲ್ಲೆ ಎನ್ನುತ್ತಾನೆ. ರಬ್ಬರಿನ ಮುಖಕ್ಕೆ ದಯೆ ತೋರಿಸುವ ಆ ಕ್ಷಣ ನಿಲ್ಲುವುದು ಅದಕ್ಕೆ ಮೊದಲಿನ ಅರ್ಧ ಗಂಟೆ ನಟ ಆ ಮುಖಕ್ಕೆ ನಿಜವಾಗಿ ಹೆದರಿದ್ದರಿಂದ. ರೆಪ್ಪೆ ಸೇರಿಸಿದವರು ಗಾರ್ನ್‌ಗೆ ಜೀವ ಕೊಡಲು ಹೊರಟರು. ಅವನಿಗೆ ಬೇಕಿದ್ದ ಜೀವವನ್ನು ಎದುರಿಗಿದ್ದವನು ಆಗಲೇ ಕೊಟ್ಟಿದ್ದ ಎಂಬುದು ನನ್ನ ಎಣಿಕೆ.

ತಾನು ಕ್ಯಾಂಪ್ ಎಂದು ತಿಳಿದೇ ಆಡಿದ ಸರಣಿ ಹೇಗಿರುತ್ತದೆ ಎಂಬುದಕ್ಕೆ ಅದೇ ಕಾಲದ ಸಾಕ್ಷಿಯಿದೆ. 1965ರಲ್ಲಿ ಸಿಬಿಎಸ್‌ನಲ್ಲಿ ಆರಂಭವಾದ 'ಲಾಸ್ಟ್ ಇನ್ ಸ್ಪೇಸ್' ಮೊದಲು ಗಂಭೀರವಾಗಿತ್ತು. ಮರುವರ್ಷ ಬುಧವಾರದ ಅದೇ ಹೊತ್ತಿಗೆ ಎಬಿಸಿಯಲ್ಲಿ 'ಬ್ಯಾಟ್‌ಮ್ಯಾನ್' ಬಂದು ಜನಪ್ರಿಯವಾದ ಮೇಲೆ ಇದೂ ಅತ್ತಲೇ ವಾಲಿತು. ಡಾಕ್ಟರ್ ಸ್ಮಿತ್ ಪಾತ್ರದ ಜೊನಾಥನ್ ಹ್ಯಾರಿಸ್ ಕೊಲೆಗಡುಕನಾಗಿದ್ದ ಖಳನನ್ನು ಹೇಡಿತನದ ಹಾಸ್ಯಪಾತ್ರವಾಗಿ ಬದಲಿಸಿದರು. ಹ್ಯಾರಿಸ್ ಅವರ ಕುಶಲತೆ ನನಗೆ ಇಷ್ಟ. ಆದರೆ 1968ರ ಫೆಬ್ರವರಿಯ ಒಂದು ಕಂತಿನಲ್ಲಿ ಮನುಷ್ಯನಷ್ಟೆತ್ತರದ ಮಾತನಾಡುವ ಗಜ್ಜರಿಯ ವೇಷದಲ್ಲಿ ಸ್ಟ್ಯಾನ್ಲಿ ಆಡಮ್ಸ್ ಎಂಬ ನಟ ಬರುತ್ತಾರೆ. ಅಲ್ಲಿ ಯಾರೂ ಆ ಗಜ್ಜರಿಯನ್ನು ನಂಬಿಲ್ಲ, ನಂಬಬೇಕೆಂದೂ ಇಲ್ಲ. ಇದೇ ಆಡಮ್ಸ್ ಎರಡು ತಿಂಗಳ ಹಿಂದೆಯಷ್ಟೇ ಸ್ಟಾರ್ ಟ್ರೆಕ್‌ನ 'ದಿ ಟ್ರಬಲ್ ವಿತ್ ಟ್ರಿಬಲ್ಸ್' ಕಂತಿನಲ್ಲಿ ತುಪ್ಪಳದ ಉಂಡೆಗಳಂತಿರುವ ಪ್ರಾಣಿಗಳನ್ನು ಮಾರುವ ವ್ಯಾಪಾರಿಯಾಗಿದ್ದರು. ಅದು ಪೂರ್ತಿ ಹಾಸ್ಯದ ಕಂತು. ಉಗ್ರಾಣದ ಬಾಗಿಲು ತೆರೆದಾಗ ಆ ತುಪ್ಪಳದ ಪ್ರಾಣಿಗಳು ಕರ್ಕ್ ಮೇಲೆ ಸುರಿದು ಅವನ ಎದೆಯವರೆಗೆ ಮುಚ್ಚುತ್ತವೆ. ಅವನ ಮುಖದಲ್ಲಿ ನಗೆಯಿಲ್ಲ, ಅಧಿಕಾರಿಯೊಬ್ಬನ ದಣಿದ ಬೇಸರವಿದೆ. ಒಬ್ಬನೇ ನಟ, ಎರಡೇ ತಿಂಗಳ ಅಂತರ, ಎರಡೂ ಕಡೆ ನಗು. ಆದರೂ ಒಂದು ಕಡೆ ಲೋಕವೊಂದಿದೆ, ಇನ್ನೊಂದು ಕಡೆ ವೇಷ ಮಾತ್ರ ಇದೆ.

ಇಷ್ಟು ಹೇಳಿದ ಮೇಲೆ ಗೆಳೆಯರು ಒಂದು ಗಟ್ಟಿಯಾದ ಪ್ರಶ್ನೆ ಕೇಳಿದರು: ನಗುವುದಕ್ಕೂ ನಂಬುವುದಕ್ಕೂ ನೀನು ಗೋಡೆ ಕಟ್ಟುತ್ತಿದ್ದೀಯಲ್ಲ, ಕುಂಡೆ ಹಬ್ಬ ನೋಡಿಲ್ಲವೇ? ಮೇ ತಿಂಗಳಲ್ಲಿ ತಿತಿಮತಿ ಬಳಿಯ ದೇವರಪುರದಲ್ಲಿ ನಡೆಯುವ ಆ ಹಬ್ಬಕ್ಕೆ ಜೇನುಕುರುಬರು, ಯರವರು ಮೊದಲಾದ ಕಾಡಿನ ಜನ ವೇಷ ಕಟ್ಟಿ ಬರುತ್ತಾರೆ. ಗಂಡಸರು ಸೀರೆಯುಟ್ಟಿರುತ್ತಾರೆ, ಮುಖಕ್ಕೆ ಬಣ್ಣ ಬಳಿದಿರುತ್ತಾರೆ, ಗೋಣಿಕೊಪ್ಪದ ಬೀದಿಗಳಲ್ಲಿ ವಾಹನಗಳನ್ನು ನಿಲ್ಲಿಸಿ ಬೈಯುತ್ತ ಕಾಸು ಕೇಳುತ್ತಾರೆ, ದೇವರನ್ನೂ ಬೈದು ಹಾಡುತ್ತಾರೆ, ಕೊನೆಗೆ ಭದ್ರಕಾಳಿಯ ಎದುರು ತಪ್ಪಾಯಿತೆಂದು ಬೇಡಿಕೊಳ್ಳುತ್ತಾರೆ. ವೇಷ ಹರಕೆಯೂ ಹೌದು. ಬೀದಿಯಲ್ಲಿ ನಿಂತ ನಾವು ನಗುತ್ತೇವೆ, ಕಟ್ಟಿದವನೂ ನಗುತ್ತಾನೆ, ಹರಕೆ ಅದರಿಂದ ಮುಕ್ಕಾಗುವುದಿಲ್ಲ. ಗೆಳೆಯರ ಈ ಮಾತು ನನ್ನ ವಾದವನ್ನು ತಿದ್ದಿತು. ನಗು ಬಂದರೆ ನಂಬಿಕೆ ಹೋಯಿತು ಎಂದು ನಾನು ಅಂದುಕೊಂಡದ್ದು ತಪ್ಪು. ಆಡುವವನು ತನ್ನ ಆಟಕ್ಕೆ ಬದ್ಧನಾಗಿದ್ದರೆ ಎರಡೂ ಒಟ್ಟಿಗೆ ಇರುತ್ತವೆ, ಮತ್ತು ಸ್ಟಾರ್ ಟ್ರೆಕ್‌ನ ಬಹುಪಾಲು ಅಭಿಮಾನಿಗಳು ಅದನ್ನು ಪ್ರೀತಿಸುವ ಬಗೆ ಇದೇ ಎಂದು ಈಗ ನನಗೆ ತೋರುತ್ತದೆ.

ಮೂರನೆಯ ವರ್ಷದ ಕಂತುಗಳನ್ನು ಸಮರ್ಥಿಸಲು ಇದೂ ಸಾಲದು. ಸರಣಿಯನ್ನು ನಿಲ್ಲಿಸಬಾರದೆಂದು ಪ್ರೇಕ್ಷಕರು ವಾಹಿನಿಗೆ ರಾಶಿರಾಶಿ ಪತ್ರ ಬರೆದು ಉಳಿಸಿಕೊಂಡದ್ದು ಆ ವರ್ಷವನ್ನು. ಉಳಿದ ಮೇಲೆ ಅದಕ್ಕೆ ಸಿಕ್ಕಿದ್ದು ಶುಕ್ರವಾರ ರಾತ್ರಿ ಹತ್ತು ಗಂಟೆಯ ಹೊತ್ತು, ಕಡಿತಗೊಂಡ ಹಣ, ದಿನದಿನದ ಕೆಲಸದಿಂದ ಹಿಂದೆ ಸರಿದ ರಾಡೆನ್‌ಬೆರಿ. 1968ರ ಸೆಪ್ಟೆಂಬರಿನಲ್ಲಿ ಆ ವರ್ಷ ಆರಂಭವಾದದ್ದೇ 'ಸ್ಪಾಕ್ಸ್ ಬ್ರೇನ್' ಎಂಬ ಕಂತಿನಿಂದ. ಸ್ಪಾಕ್‌ನ ಮಿದುಳನ್ನು ಕದ್ದೊಯ್ಯುತ್ತಾರೆ, ಮಿದುಳಿಲ್ಲದ ದೇಹವನ್ನು ದೂರನಿಯಂತ್ರಣದಿಂದ ನಡೆಸಿಕೊಂಡು ಉಳಿದವರು ಹುಡುಕಲು ಹೊರಡುತ್ತಾರೆ. ಚಿತ್ರೀಕರಣದ ಉದ್ದಕ್ಕೂ ತನಗೆ ಮುಜುಗರವಾಗಿತ್ತೆಂದು ನಿಮೊಯ್ ಮುಂದೆ ಬರೆದುಕೊಂಡಿದ್ದಾರೆ. ಶಾಟ್ನರ್ ಇಲ್ಲಿಯೂ ಹಿಂದಿನಷ್ಟೇ ಕಷ್ಟಪಡುತ್ತಾರೆ, ಅಷ್ಟೇ ದೊಡ್ಡದಾಗಿ ನಟಿಸುತ್ತಾರೆ. ಆದರೆ ಎದುರಿಗೆ ನೋಡಲು ಕಣ್ಣೇ ಇಲ್ಲ. ಅವರ ಕಂಠ ಹೊರಲು ಅಲ್ಲಿ ಭಾರವಿಲ್ಲದ್ದರಿಂದ ಕಂಠವೇ ಭಾರವಾಗಿ ಕೇಳಿಸುತ್ತದೆ. ಈ ವರ್ಷದ ನೆನಪು ಮೊದಲ ವರ್ಷದ ಮೇಲೂ ಕವಿದು, ಶಾಟ್ನರ್ ಯಾವಾಗಲೂ ಹೀಗೆಯೇ ಎಂಬ ಮಾತು ಹುಟ್ಟಿತು ಎಂದು ನನ್ನ ಅನುಮಾನ.

ಮೂರನೆಯ ರಾತ್ರಿ ನಾವು ಕೊನೆಯ ಕಂತನ್ನೇ ನೋಡಿದೆವು. 1969ರ ಜೂನ್ 3ರಂದು ಪ್ರಸಾರವಾದ 'ಟರ್ನ್‌ಅಬೌಟ್ ಇಂಟ್ರೂಡರ್'ನಲ್ಲಿ ಜಾನಿಸ್ ಲೆಸ್ಟರ್ ಎಂಬ ಹೆಣ್ಣು ಒಂದು ಹಳೆಯ ಯಂತ್ರದ ಮೂಲಕ ಕರ್ಕ್ ದೇಹವನ್ನು ತಾನು ಸೇರಿಕೊಂಡು ಅವನನ್ನು ತನ್ನ ದೇಹದಲ್ಲಿ ಬಂಧಿಸುತ್ತಾಳೆ. ಕಂತಿನ ಬಹುಭಾಗ ಶಾಟ್ನರ್ ಆಡುವುದು ಗಂಡಿನ ಮೈಯಲ್ಲಿರುವ ಹೆಣ್ಣನ್ನು. ಅಭಿಮಾನಿಗಳು ಅತಿನಟನೆಯ ಶಿಖರವೆಂದು ಎತ್ತಿ ತೋರಿಸುವ ಕಂತುಗಳಲ್ಲಿ ಇದೂ ಒಂದು. ಗೆಳೆಯರು ವಾದ ಗೆಲ್ಲಲು ಇದನ್ನೇ ಕಾಯುತ್ತಿದ್ದರು. ಆದರೆ ಗಾರ್ನ್‌ನನ್ನು ನೋಡಿ ನಕ್ಕಿದ್ದ ಅಕ್ಕನ ಮಗಳು ಇಲ್ಲಿ ನಗಲಿಲ್ಲ. ಹಡಗಿನ ನಾಯಕರ ಲೋಕ ಹೆಂಗಸರನ್ನು ಒಳಗೆ ಬಿಡುವುದಿಲ್ಲ ಎಂದು ಲೆಸ್ಟರ್ ಆರಂಭದಲ್ಲಿ ಹೇಳುವ ಮಾತಿಗೆ ಅವಳು ಲ್ಯಾಪ್‌ಟಾಪ್ ನಿಲ್ಲಿಸಿದಳು. ಹಿಂದಿನ ರಾತ್ರಿ 'ದಿ ಎನಿಮಿ ವಿದಿನ್'ನ ಕೊನೆಯಲ್ಲಿ, ಕ್ರೂರ ಕರ್ಕ್‌ನ ಕೈಯಿಂದ ತಪ್ಪಿಸಿಕೊಂಡ ಹುಡುಗಿಯ ಹತ್ತಿರ ಸ್ಪಾಕ್ ಬಂದು, ಆ ನಕಲಿಯಲ್ಲಿ ಕೆಲವು ಕುತೂಹಲಕರ ಗುಣಗಳಿದ್ದವಲ್ಲವೇ ಎಂದು ಕೇಳುವುದನ್ನೂ ಅವಳು ನೆನಪಿಸಿದಳು.

"ಮಾವ, ನೀವು ಮೂವರೂ ಮೂರು ದಿನದಿಂದ ಶಾಟ್ನರ್ ಜಾಸ್ತಿ ಮಾಡಿದರೋ ಇಲ್ಲವೋ ಎಂದು ಮಾತಾಡುತ್ತಿದ್ದೀರಿ. ಅವರು ಮಾಡಿದ್ದರಲ್ಲಿ ನನಗೇನೂ ತೊಂದರೆ ಕಾಣುತ್ತಿಲ್ಲ. ಅಧಿಕಾರ ಸಿಗದೆ ಒಳಗೇ ಕುದ್ದ ಹೆಂಗಸಿಗೆ ಒಮ್ಮೆಲೇ ಅಧಿಕಾರ ಸಿಕ್ಕರೆ ಅವಳು ಹೀಗೆಯೇ ಹೆದರಿ ಹೆದರಿ ಕೂಗುತ್ತಾಳೆ. ನಟನಿಗೆ ಅವಳು ಅರ್ಥವಾಗಿದ್ದಾಳೆ. ಬರೆದವರಿಗೆ ಅರ್ಥವಾಗಿಲ್ಲ. ಅದನ್ನು ಯಾರೂ ಯಾಕೆ ಬೈಯುವುದಿಲ್ಲ?"

ಗೆಳೆಯರು ಉತ್ತರಿಸಲಿಲ್ಲ. ನಾನೂ ಉತ್ತರಿಸಲಿಲ್ಲ, ಎದುರಿನ ಕಣ್ಣನ್ನು ನೋಡುವ ನಟನ ಬಗ್ಗೆ ಇಷ್ಟು ಹೇಳಿದವನಿಗೆ, ಈ ಕಂತಿನಲ್ಲಿ ಶಾಟ್ನರ್ ಯಾರ ಕಣ್ಣನ್ನು ನೋಡುತ್ತಿದ್ದರು ಎಂಬುದು ಅವಳು ಹೇಳುವವರೆಗೆ ಹೊಳೆದಿರಲಿಲ್ಲ. ದೊಡ್ಡಪ್ಪನವರು ಕಂಬಳಿ ಸರಿಸಿ ಮುಂದಕ್ಕೆ ಬಗ್ಗಿದರು. ಮೈಸೂರಿನಲ್ಲಿ ನೋಡುತ್ತಿದ್ದಾಗ ತಮಗೆ ಇಂಗ್ಲಿಷ್ ಮಾತು ಅರ್ಧವೇ ತಿಳಿಯುತ್ತಿತ್ತು, ಮುಖಗಳನ್ನು ನೋಡಿಯೇ ಕತೆ ಹಿಡಿಯುತ್ತಿದ್ದೆ ಎಂದರು. "ಆ ಮಾತು ನನಗೆ ಆಗ ಕೇಳಿಸಿಯೇ ಇರಲಿಲ್ಲ ಮಗಾ. ಇನ್ನೊಂದು ಸಲ ಹಾಕು" ಎಂದರು. ಅವಳು ಹಿಂದಕ್ಕೆ ತಿರುಗಿಸಿ, ಒಂದೊಂದು ಮಾತನ್ನೂ ಅವರಿಗೆ ಕನ್ನಡದಲ್ಲಿ ಹೇಳುತ್ತ, ಕಂತನ್ನು ಮೊದಲಿನಿಂದ ಹಾಕಿದಳು.